ಕಾಂಪೌಂಡಿಗೆ ಹತ್ತಿರ, ಗೇಟಿಗೆ ದೂರ

ಮಿಲಿಟರಿ ನೆಲೆಯ ಪಕ್ಕದಲ್ಲಿ ಮನೆ ಕೊಳ್ಳುವಾಗ ಲೆಕ್ಕಕ್ಕೆ ಬರುವ ದೂರಗಳು ಎರಡು. ಮನೆಯಿಂದ ನೆಲೆಯ ಕಾಂಪೌಂಡ್ ಗೋಡೆಗೆ ಎಷ್ಟು ದೂರ ಎಂಬುದು ಒಂದು. ಅದೇ ಮನೆಯಿಂದ ನೆಲೆಯ ಗೇಟಿಗೆ, ಅಥವಾ ಗೋಡೆಯನ್ನು ಬಳಸಿಕೊಂಡು ಆಚೆ ಮಗ್ಗುಲಿನ ಮುಖ್ಯರಸ್ತೆಗೆ ಎಷ್ಟು ದೂರ ಎಂಬುದು ಇನ್ನೊಂದು. ಜಾಹೀರಾತಿನಲ್ಲಿ ಅಚ್ಚಾಗುವುದು ಮೊದಲನೆಯದು, ದಿನಾ ಬೆಳಗ್ಗೆ ಗಾಡಿ ಓಡಿಸಬೇಕಾದದ್ದು ಎರಡನೆಯದು. ಮಾಮೂಲಿ ಬಡಾವಣೆಯಲ್ಲಿ ಇವೆರಡರ ನಡುವೆ ಹೆಚ್ಚು ಅಂತರ ಇರುವುದಿಲ್ಲ. ಒಂದು ಕ್ರಾಸ್‌ನಲ್ಲಿ ಜಾಮ್ ಆಗಿದ್ದರೆ ಮುಂದಿನ ಕ್ರಾಸ್‌ನಲ್ಲಿ ತಿರುಗಿಸಿಕೊಂಡು ಹೋಗಬಹುದು. ನೆಲೆಯ ಗೋಡೆ ಕಿಲೋಮೀಟರ್‌ಗಟ್ಟಲೆ ಉದ್ದ ಇರುತ್ತದೆ. ಅದರಲ್ಲಿ ಕ್ರಾಸ್ ಇಲ್ಲ, ಸಂದಿ ಇಲ್ಲ. ಮೊಬೈಲಿನ ಮ್ಯಾಪ್‌ನಲ್ಲಿ ಒಳರಸ್ತೆಗಳು ಕಂಡರೂ ಅವು ಹೊರಗಿನವರ ಓಡಾಟಕ್ಕೆ ಇರುವುದಲ್ಲ.

ಬೆಂಗಳೂರಿನಲ್ಲಿ ಇಂಥ ಗೋಡೆಗಳು ಒಂದೆರಡಲ್ಲ. ಎಚ್‌ಎಎಲ್ ವಿಮಾನ ನಿಲ್ದಾಣವನ್ನೇ ನೋಡಬಹುದು. 2008ರ ಮೇ ತಿಂಗಳಲ್ಲಿ ಪ್ರಯಾಣಿಕರ ವಿಮಾನಗಳು ದೇವನಹಳ್ಳಿಗೆ ಹೋದವು, ರನ್‌ವೇ ಇದ್ದಲ್ಲೇ ಉಳಿಯಿತು. ವಾಯುಪಡೆಯ ವಿಮಾನ ಪರೀಕ್ಷಾ ಸಂಸ್ಥೆ ಈಗಲೂ ಅಲ್ಲೇ ಇದೆ. ಆ ರನ್‌ವೇ 3 ಕಿ.ಮೀ.ಗೂ ಉದ್ದ. ಉತ್ತರಕ್ಕೆ ಹಳೆ ಏರ್‌ಪೋರ್ಟ್ ರಸ್ತೆ ಮತ್ತು ವಿಮಾನಪುರ, ದಕ್ಷಿಣಕ್ಕೆ ಯಮಲೂರು, ಅದರಾಚೆ ಬೆಳ್ಳಂದೂರು. ಯಮಲೂರಿನ ಅಪಾರ್ಟ್‌ಮೆಂಟಿನ ಮೇಲಿನ ಮಹಡಿಯಲ್ಲಿ ನಿಂತರೆ ಆಚೆ ಬದಿ ಕೈಗೆಟುಕುವಂತೆ ಕಾಣುತ್ತದೆ. ರನ್‌ವೇಯನ್ನು ಅಡ್ಡ ದಾಟುವ ರಸ್ತೆ ಇಲ್ಲದ್ದರಿಂದ ಮಾರತ್ತಹಳ್ಳಿ ಕಡೆಯ ತುದಿಗೆ ಬಂದು ಬಳಸಬೇಕು. ಬೆಳಗ್ಗೆ 9ರ ಹೊತ್ತಿಗೆ ಮಾರತ್ತಹಳ್ಳಿ ಹೇಗಿರುತ್ತದೆ ಎಂಬುದನ್ನು ಬೆಂಗಳೂರಿನವರಿಗೆ ವಿವರಿಸಬೇಕಾಗಿಲ್ಲ.

ಯಲಹಂಕದ ಕಥೆಯೂ ಹೀಗೇ. ಊರಿನಿಂದಾಚೆ ಬಳ್ಳಾರಿ ರಸ್ತೆ ಒಂದು ಕಡೆ, ದೊಡ್ಡಬಳ್ಳಾಪುರ ರಸ್ತೆ ಇನ್ನೊಂದು ಕಡೆ ಸಾಗುತ್ತವೆ. ನಡುವಿನ ಜಾಗದ ದೊಡ್ಡ ಪಾಲು ವಾಯುನೆಲೆಯದು. ದೇವನಹಳ್ಳಿ ವಿಮಾನ ನಿಲ್ದಾಣದಲ್ಲಿ ಕೆಲಸ ಮಾಡುವವರು, ಬೆಲೆ ಕಡಿಮೆ ಎಂದು ದೊಡ್ಡಬಳ್ಳಾಪುರ ರಸ್ತೆಯ ಕಡೆ ಫ್ಲ್ಯಾಟ್ ಹಿಡಿದರೆ, ಹಿಂದಕ್ಕೆ ಯಲಹಂಕಕ್ಕೆ ಬಂದು ಸುತ್ತಬೇಕು ಇಲ್ಲವೇ ಉತ್ತರದ ಹಳ್ಳಿ ರಸ್ತೆಗಳಲ್ಲಿ ನುಸುಳಬೇಕು. ಇದರ ಮೇಲೆ, 1996ರಿಂದ ಎರಡು ವರ್ಷಕ್ಕೊಮ್ಮೆ ಬರುವ ಏರೋ ಇಂಡಿಯಾ ವೈಮಾನಿಕ ಪ್ರದರ್ಶನ ಇದೆ. ಆ ವಾರ ಬಳ್ಳಾರಿ ರಸ್ತೆಯ ಸಂಚಾರವೇ ಬೇರೆ ಕಡೆ ತಿರುಗುತ್ತದೆ. ವಿಮಾನಗಳ ಕಸರತ್ತು ನೋಡಲು ತಾರಸಿ ಹತ್ತುವ ಸುಖವೂ ಅಲ್ಲಿಯವರಿಗೇ ಇದೆ ಎನ್ನುವುದನ್ನು ಒಪ್ಪಬೇಕು.

ಈ ಗೋಡೆಗಳು ಊರಿನ ಮಧ್ಯೆ ಬಂದು ಕೂತವಲ್ಲ. ಅವುಗಳ ಸುತ್ತ ಊರು ಬೆಳೆಯಿತು. ಶ್ರೀರಂಗಪಟ್ಟಣದಲ್ಲಿದ್ದ ಬ್ರಿಟಿಷರ ಪಡೆ ಬೆಂಗಳೂರಿಗೆ ಬಂದು 1809ರ ಹೊತ್ತಿಗೆ ದಂಡು ಪ್ರದೇಶ ರೂಪುಗೊಂಡಾಗ ಪೇಟೆ ಅದರಿಂದ ದೂರವೇ ಇತ್ತು. ಇಂದು ಹಲಸೂರಿನ ಮದ್ರಾಸ್ ಸ್ಯಾಪರ್ಸ್ ಕೇಂದ್ರ, ಅಗರಂ ಕಡೆಯ ಎಎಸ್‌ಸಿ ಕೇಂದ್ರ, ಜಯಚಾಮರಾಜೇಂದ್ರ ನಗರದ ಪ್ಯಾರಾ ರೆಜಿಮೆಂಟ್ ತರಬೇತಿ ಕೇಂದ್ರ, ಹೆಬ್ಬಾಳದ ವಾಯುಪಡೆ ತರಬೇತಿ ಕಮಾಂಡ್ ಎಲ್ಲವೂ ನಗರದ ಒಳಗೇ ಇವೆ. ಹಾಗಾಗಿ ರಸ್ತೆ ಅಗಲಿಸುವ ಯೋಜನೆ ನೆಲೆಯ ಗೋಡೆ ಮುಟ್ಟಿತೆಂದರೆ ಪಾಲಿಕೆಯ ಕೈಯಲ್ಲಿ ಹೆಚ್ಚೇನೂ ಇರುವುದಿಲ್ಲ. ಜಾಗ ರಕ್ಷಣಾ ಇಲಾಖೆಯದು. ಬದಲಿ ಜಮೀನೋ, ಅಷ್ಟೇ ಬೆಲೆಯ ಕಟ್ಟಡವೋ ಕೊಟ್ಟು ದೆಹಲಿಯಿಂದ ಒಪ್ಪಿಗೆ ತರಬೇಕು. ಬೇರೆ ಕಡೆ ಎರಡು ಮೂರು ವರ್ಷದಲ್ಲಿ ಮುಗಿಯುವ ಅಗಲೀಕರಣ ಇಲ್ಲಿ ಕಡತದಲ್ಲೇ ಅದಕ್ಕಿಂತ ಹೆಚ್ಚು ಕಾಲ ಕೂರಬಹುದು. ಮುಂದೆ ರಸ್ತೆ ಅಗಲ ಆಗುತ್ತದೆ ಎಂಬ ಬ್ರೋಕರ್ ಮಾತಿಗೆ ಈ ಕಾರಣಕ್ಕೇ ಬೆಲೆ ಕಟ್ಟಬಾರದು.

ಕೆಲವು ಕಡೆ ರಸ್ತೆಯೇ ಸೇನೆಯದಾಗಿರುತ್ತದೆ. ಜನ ದಶಕಗಳಿಂದ ಓಡಾಡಿದ್ದರೂ ಭದ್ರತೆಯ ಕಾರಣ ಕೊಟ್ಟು ರಾತ್ರಿ ಹೊತ್ತು, ಕೆಲವೊಮ್ಮೆ ಪೂರ್ತಿಯಾಗಿಯೇ, ಮುಚ್ಚಿದ ನಿದರ್ಶನಗಳಿವೆ. ಸಿಕಂದರಾಬಾದಿನಲ್ಲಿ ಇದು ವರ್ಷಗಳ ಕಾಲದ ಜಗಳವಾಯಿತು. ರಸ್ತೆ ಮುಚ್ಚಲು 2006ರ ಕಂಟೋನ್ಮೆಂಟ್ ಕಾಯ್ದೆಯ ವಿಧಾನ ಪಾಲಿಸಿಲ್ಲ ಎಂಬ ದೂರುಗಳ ನಂತರ, 2018ರ ಮೇ ತಿಂಗಳಲ್ಲಿ ರಕ್ಷಣಾ ಸಚಿವಾಲಯ ದೇಶದ ಕಂಟೋನ್ಮೆಂಟ್‌ಗಳಲ್ಲಿ ಹೀಗೆ ಮುಚ್ಚಿದ ರಸ್ತೆಗಳನ್ನು ತೆರೆಯಲು ಸೂಚಿಸಿತು. ಅದಾದ ಮೇಲೂ ಸಿಕಂದರಾಬಾದಿನ ಕೆಲವು ರಸ್ತೆಗಳ ತಕರಾರು ಮುಗಿಯಲಿಲ್ಲ. ಕರ್ನಾಟಕದಲ್ಲಿ ಕಂಟೋನ್ಮೆಂಟ್ ಬೋರ್ಡ್ ಇರುವುದು ಬೆಳಗಾವಿಯಲ್ಲಿ ಮಾತ್ರ. ಅಲ್ಲಿನ ಕ್ಯಾಂಪ್ ಪ್ರದೇಶವನ್ನು ಹಾದು ಊರಿಗೆ ಬರುವವರು, ತಾವು ದಿನಾ ಬಳಸಲಿರುವ ರಸ್ತೆ ಯಾರ ಹೆಸರಿನಲ್ಲಿದೆ ಎಂದು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಮನೆಯ ಖಾತೆ, ಋಣಭಾರ ಪತ್ರ ಎಲ್ಲವನ್ನೂ ವಕೀಲರಿಗೆ ತೋರಿಸುವವರು ಮನೆಗೆ ಹೋಗುವ ದಾರಿಯ ಒಡೆತನವನ್ನು ವಿಚಾರಿಸುವುದು ಕಡಿಮೆ.

ನೆಲೆಯ ಒಳಗೇ ಕೆಲಸ ಮಾಡುವವರಿಗೆ ಗೇಟು ದಾರಿಯ ಕೊನೆಯಲ್ಲ. ಬೆಳಗ್ಗೆ 7ರ ಸುಮಾರಿಗೆ ಯಾವುದೇ ದೊಡ್ಡ ಸ್ಟೇಷನ್ನಿನ ಮುಖ್ಯ ಗೇಟಿನ ಮುಂದೆ ನಿಂತರೆ ಇದು ಗೊತ್ತಾಗುತ್ತದೆ. ಬೈಕುಗಳ ಒಂದು ಸಾಲು, ಕಾರುಗಳ ಒಂದು ಸಾಲು. ಹೆಲ್ಮೆಟ್ ತೆಗೆಯಬೇಕು, ಕಾರ್ಡ್ ಕೈಗೆ ತೆಗೆದುಕೊಳ್ಳಬೇಕು, ಕಾವಲಿನವನು ಫೋಟೋವನ್ನೂ ಮುಖವನ್ನೂ ನೋಡಿ ತಲೆಯಾಡಿಸಬೇಕು. ಗುತ್ತಿಗೆ ಕೆಲಸಗಾರರಿಗೆ ಪಕ್ಕದ ಕಿಟಕಿಯಲ್ಲಿ ಪಾಸ್, ರಿಜಿಸ್ಟರಿನಲ್ಲಿ ಸಹಿ, ಕೆಲವು ಕಡೆ ಫೋನ್ ಒಪ್ಪಿಸಿ ಟೋಕನ್. ಹಿಂದಿನ ಮಳೆಯಲ್ಲಿ ಪಾಸ್ ಒದ್ದೆಯಾಗಿ ಅಕ್ಷರ ಅಳಿಸಿದ್ದರೆ ಸಾಲು ಅಲ್ಲೇ ನಿಂತಿತು. ದೇಶದಲ್ಲೆಲ್ಲೋ ಅಹಿತಕರ ಘಟನೆ ನಡೆದು ಎಚ್ಚರಿಕೆಯ ಮಟ್ಟ ಏರಿದ ದಿನ ಡಿಕ್ಕಿ, ಬ್ಯಾಗು ಎಲ್ಲದರ ತಪಾಸಣೆ. ಒಳಗೆ ಹೋದ ಮೇಲೂ ಗೇಟಿನಿಂದ ಕಚೇರಿಗೆ ಎರಡು ಮೂರು ಕಿಲೋಮೀಟರ್ ಇರಬಹುದು, ವೇಗದ ಮಿತಿ ಕಟ್ಟುನಿಟ್ಟು. ಮನೆಯಿಂದ ಗೇಟಿಗೆ 20 ನಿಮಿಷ ಎಂದು ಲೆಕ್ಕ ಹಾಕಿದವರು ಕುರ್ಚಿಯಲ್ಲಿ ಕೂರುವ ಹೊತ್ತಿಗೆ 40 ಆಗಿರುತ್ತದೆ. ದೊಡ್ಡ ನೆಲೆಗೆ ಗೇಟುಗಳು ಹಲವು ಇದ್ದರೂ ಎಲ್ಲವೂ ಎಲ್ಲರಿಗೂ, ಎಲ್ಲ ಹೊತ್ತಿಗೂ ತೆರೆದಿರುವುದಿಲ್ಲ. ತಮ್ಮ ಕಾರ್ಡಿಗೆ ಯಾವ ಗೇಟು, ಅದು ಎಷ್ಟಕ್ಕೆ ಮುಚ್ಚುತ್ತದೆ ಎಂಬುದರ ಮೇಲೆ ಮನೆ ಯಾವ ಮಗ್ಗುಲಲ್ಲಿ ಇರಬೇಕೆಂಬುದು ನಿಂತಿದೆ.

ಸೇವೆಯಲ್ಲಿರುವ ಸೈನಿಕರಿಗೆ ಈ ತಲೆಬಿಸಿ ಕಡಿಮೆ, ಏಕೆಂದರೆ ಕ್ವಾರ್ಟರ್ಸ್ ಗೋಡೆಯ ಒಳಗೇ ಇರುತ್ತದೆ. ಹಳೆಯ ಸಾರ್ವಜನಿಕ ಉದ್ಯಮಗಳೂ ಇದೇ ದಾರಿ ಹಿಡಿದಿದ್ದವು. 1954ರಲ್ಲಿ ಜಾಲಹಳ್ಳಿಯಲ್ಲಿ ಶುರುವಾದ ಬಿಇಎಲ್, ಅದರ ನೆರೆಯ ಎಚ್‌ಎಂಟಿ ಎರಡೂ ಕಾರ್ಖಾನೆಯ ಪಕ್ಕದಲ್ಲೇ ಕಾಲೊನಿ ಕಟ್ಟಿದವು, ದೂರದವರಿಗೆ ಕಂಪನಿ ಬಸ್ಸು ಓಡಿಸಿದವು. ಓಡಾಟದ ಚಿಂತೆ ನೌಕರನದಾಗಿರದೆ ಸಂಸ್ಥೆಯದಾಗಿತ್ತು. ನಿವೃತ್ತಿಯ ದಿನ ಅದು ಒಮ್ಮೆಗೇ ನೌಕರನ ಹೆಗಲಿಗೆ ಬರುತ್ತದೆ. ಸೈನಿಕರ ವಿಷಯದಲ್ಲಿ ಇನ್ನೊಂದು ತೊಡಕಿದೆ: 2022ಕ್ಕೆ ಮುಂಚೆ ಸಿಪಾಯಿಯಾಗಿ ಸೇರಿದವರು ಮೂವತ್ತರ ಕೊನೆಯಲ್ಲೇ ಹೊರಬರುತ್ತಾರೆ. ಎರಡನೇ ನೌಕರಿ ಹಿಡಿಯುತ್ತಾರೆ, ಬ್ಯಾಂಕಿನಲ್ಲೋ ಖಾಸಗಿ ಕಂಪನಿಯ ಭದ್ರತೆಯಲ್ಲೋ. ಆಗ ಅವರ ಓಡಾಟ ಎರಡು ದಿಕ್ಕಿಗೆ ಒಡೆಯುತ್ತದೆ. ಒಂದು ದಿಕ್ಕಿನಲ್ಲಿ ಹೊಸ ನೌಕರಿ. ಇನ್ನೊಂದರಲ್ಲಿ ಸಾಮಾನು ಕೊಳ್ಳುವ ಸಿಎಸ್‌ಡಿ ಕ್ಯಾಂಟೀನು, ಮಾಜಿ ಸೈನಿಕರಿಗಾಗಿ 2003ರಲ್ಲಿ ಆರಂಭವಾದ ಆರೋಗ್ಯ ಯೋಜನೆ ಇಸಿಎಚ್‌ಎಸ್‌ನ ಪಾಲಿಕ್ಲಿನಿಕ್ಕು, ಹಳೆ ಏರ್‌ಪೋರ್ಟ್ ರಸ್ತೆಯ ಕಮಾಂಡ್ ಹಾಸ್ಪಿಟಲ್.

ಮಾಜಿ ಸೈನಿಕರು ನೆಲೆಯ ಪಕ್ಕದ ಮನೆಗೇ ಮನಸೋಲುವುದು ಎರಡನೆಯ ದಿಕ್ಕಿನ ಸೆಳೆತದಿಂದ. ಸೆಳೆತ ಅರ್ಥವಾಗುವಂಥದೇ, ಆದರೆ ಲೆಕ್ಕ ಅದಕ್ಕೆ ಬೆಂಬಲ ಕೊಡುವುದಿಲ್ಲ. ಕ್ಯಾಂಟೀನಿಗೆ ತಿಂಗಳಿಗೊಮ್ಮೆ ಹೋದರೆ ಸಾಕು, ಪಾಲಿಕ್ಲಿನಿಕ್ಕಿಗೂ ಮೊದಲ ವರ್ಷಗಳಲ್ಲಿ ಅಪರೂಪಕ್ಕೆ. ನೌಕರಿಗೆ ತಿಂಗಳಲ್ಲಿ 22 ದಿನ ಹೋಗಬೇಕು. ನಲವತ್ತರ ಒಳಗಿನವರು ಹೊಸ ಕೆಲಸದ ದಾರಿಯನ್ನೇ ಮುಂದಿಟ್ಟುಕೊಂಡು ಮನೆ ನೋಡುವುದು ಲೇಸು. ಅರವತ್ತು ದಾಟಿದವರಿಗೆ ತಕ್ಕಡಿ ಇನ್ನೊಂದು ಕಡೆ ವಾಲುತ್ತದೆ. ಆಗ ಆಸ್ಪತ್ರೆಗೆ ಆಟೋದಲ್ಲಿ ಎಷ್ಟು ಹೊತ್ತು ಎಂಬುದೇ ದೊಡ್ಡ ಪ್ರಶ್ನೆ. ಕಮ್ಮನಹಳ್ಳಿಯ ಜಲವಾಯು ವಿಹಾರದಂತೆ ಸೇನಾ ಕುಟುಂಬಗಳಿಗೆಂದೇ ಕಟ್ಟಿದ ವಸತಿಗಳು ನೆಲೆಗೆ ಅಂಟಿಕೊಂಡಿಲ್ಲದಿದ್ದರೂ ಬಾಳಿಕೊಂಡು ಬಂದಿವೆ.

ಸೇನೆಗೂ ತಮಗೂ ಸಂಬಂಧವೇ ಇಲ್ಲದವರು ನೆಲೆಯ ಪಕ್ಕ ಮನೆ ಕೊಳ್ಳುವುದು ಮರಗಳಿಗಾಗಿ, ನಿಶ್ಶಬ್ದಕ್ಕಾಗಿ. ಎದುರಿಗೆ ಎತ್ತರದ ಕಟ್ಟಡ ಏಳುವುದಿಲ್ಲ ಎಂಬ ಭರವಸೆಯೂ ಸುಳ್ಳಲ್ಲ. 1903ರ ರಕ್ಷಣಾ ಕಾಮಗಾರಿ ಕಾಯ್ದೆ, 2011ರ ಮೇ ತಿಂಗಳ ರಕ್ಷಣಾ ಸಚಿವಾಲಯದ ಸೂಚನೆಗಳು ಮತ್ತು ನಂತರದ ತಿದ್ದುಪಡಿಗಳು ಗೋಡೆಯ ಸುತ್ತಲಿನ ನಿರ್ಮಾಣಕ್ಕೆ ಕಟ್ಟುಪಾಡು ಹಾಕಿವೆ. ಬಿಲ್ಡರ್ ಬಳಿ ಎನ್‌ಒಸಿ ಇದೆಯೇ ಎಂದು ನೋಡಲೇಬೇಕು. ಹಾರಾಟದ ಸದ್ದಿನ ವಿಷಯ ಒಂದು ದಿನ ಅಲ್ಲಿ ಕಳೆದರೆ ತಾನೇ ತಿಳಿಯುತ್ತದೆ. ಈ ಖರೀದಿದಾರರಿಗೆ ನೆಲೆ ಎಂದರೆ ದಾರಿಗೆ ಅಡ್ಡ ನಿಂತ ಜಾಗ, ಅಷ್ಟೇ. ಕಚೇರಿ ಮನೆಯ ಕಡೆಯ ಮಗ್ಗುಲಲ್ಲೇ ಇದ್ದರೆ ಚಿಂತೆಯಿಲ್ಲ, ಆಚೆ ಮಗ್ಗುಲಲ್ಲಿದ್ದರೆ ಎಲ್ಲ ವಾಹನಗಳೂ ಸೇರುವ ಒಂದೆರಡು ವೃತ್ತಗಳಲ್ಲಿ ದಿನವೂ ಕಾಯಬೇಕು. ಜಾಲಹಳ್ಳಿಯಲ್ಲಿ ಗಂಗಮ್ಮ ಸರ್ಕಲ್ ಅಂಥದ್ದು. ಎಂ.ಎಸ್. ಪಾಳ್ಯದ ಕಡೆಯಿಂದ ಬರುವವರಿಗೆ ಅದು ತಪ್ಪಿದ್ದಲ್ಲ.

ಆದ್ದರಿಂದ ಮನೆಗೆ ಎಷ್ಟು ದಾರಿಗಳಿವೆ ಎಂದು ಮೊದಲು ಎಣಿಸಬೇಕು, ದೂರ ಎಷ್ಟು ಎಂಬುದು ಆಮೇಲೆ. ಕಾರವಾರದಷ್ಟು ಸ್ಪಷ್ಟವಾಗಿ ಇದನ್ನು ತೋರಿಸುವ ಊರು ರಾಜ್ಯದಲ್ಲಿ ಇನ್ನೊಂದಿಲ್ಲ. ಊರಿನ ದಕ್ಷಿಣಕ್ಕೆ ಅರಗಾದ ಬಳಿ 2005ರಲ್ಲಿ ಐಎನ್‌ಎಸ್ ಕದಂಬ ನೌಕಾನೆಲೆ ಕಾರ್ಯಾರಂಭ ಮಾಡಿತು. ಪಶ್ಚಿಮಕ್ಕೆ ಸಮುದ್ರ, ಪೂರ್ವಕ್ಕೆ ಗುಡ್ಡ, ನಡುವೆ ರಾಷ್ಟ್ರೀಯ ಹೆದ್ದಾರಿ 66. ಉತ್ತರ–ದಕ್ಷಿಣವಾಗಿ ಓಡಾಡುವವರಿಗೆಲ್ಲ ಅದೊಂದೇ ಆಧಾರ. ಮಾಮೂಲಿ ದಿನ ಈ ಹೆದ್ದಾರಿಯಲ್ಲಿ ಓಡಾಟ ಸಲೀಸು, ಬೆಂಗಳೂರಿನವರು ಕೇಳಿದರೆ ಹೊಟ್ಟೆಕಿಚ್ಚು ಪಡಬೇಕು. ಆದರೆ 2023ರ ಮಳೆಗಾಲದಲ್ಲಿ ಕಾರವಾರ–ಬಿಣಗಾ ನಡುವಿನ ಸುರಂಗದಲ್ಲಿ ನೀರು ಸೋರಿ ಕೆಲಕಾಲ ಸಂಚಾರ ಬಂದ್ ಆಯಿತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳು ಹೋದವು, ಹೆದ್ದಾರಿ ದಿನಗಟ್ಟಲೆ ಮುಚ್ಚಿತು. ಮೂರು ವಾರ ಕಳೆದು, ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೆ ಸೇತುವೆ ಲಾರಿಯ ಸಮೇತ ಬಿತ್ತು. ಸದಾಶಿವಗಡ ಕಡೆಯ ಸಂಚಾರವೆಲ್ಲ ಪಕ್ಕದ ಹೊಸ ಸೇತುವೆಯೊಂದರ ಮೇಲೇ ಬಂತು.

ನೆಲೆಯಲ್ಲಿ ಕೆಲಸ ಮಾಡುವವರ ದೃಷ್ಟಿಯಿಂದ ನೋಡಿದರೆ ಸದಾಶಿವಗಡದ ಮನೆಗೂ ನೆಲೆಗೂ ನಡುವೆ ಕಾಳಿ ನದಿ ಇದೆ, ಸುರಂಗ ಇದೆ. ಶಿರೂರಿನಿಂದ ದಕ್ಷಿಣಕ್ಕಿರುವ ಮನೆಗೂ ನೆಲೆಗೂ ನಡುವೆ ಸಡಿಲ ಗುಡ್ಡವಿದೆ. ಬಿಣಗಾ, ಅರಗಾ, ಅಮದಳ್ಳಿಯ ಕಡೆ ಮನೆ ಮಾಡಿದವರಿಗೆ ನಡುವೆ ಏನೂ ಇಲ್ಲ. ದೂರದಲ್ಲಿ ಕೆಲವೇ ಕಿಲೋಮೀಟರ್ ವ್ಯತ್ಯಾಸ ಇರಬಹುದು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ವ್ಯತ್ಯಾಸದ ಬೆಲೆಯೇ ಬೇರೆ. ಕರಾವಳಿಯಲ್ಲಿ ಜಾಗ ನೋಡಲು ಮಳೆಗಾಲದಲ್ಲೊಮ್ಮೆ ಹೋಗಬೇಕು ಎಂದು ಹಿರಿಯರು ಹೇಳುವುದುಂಟು. ದಾರಿಯ ಸಲುವಾಗಿಯೂ ಹೋಗಬೇಕು.

ಅಮೆರಿಕದಲ್ಲಿ ವರ್ಜೀನಿಯಾದ ನಾರ್ಫೋಕ್ ಇದೇ ಪಾಠವನ್ನು ದೊಡ್ಡ ಪ್ರಮಾಣದಲ್ಲಿ ಹೇಳುತ್ತದೆ. ಜಗತ್ತಿನ ಅತಿ ದೊಡ್ಡ ನೌಕಾನೆಲೆ ಎನಿಸಿದ ಅದರ ಒಂದು ಮಗ್ಗುಲಿಗೆ ಕಡಲಿನ ಅಗಲವಾದ ಕೊಲ್ಲಿ. ಆಚೆ ದಡದ ಹ್ಯಾಂಪ್ಟನ್‌ಗೆ 1957ರಲ್ಲಿ ಸೇತುವೆ–ಸುರಂಗ ಮಾರ್ಗ ತೆರೆಯಿತು, 1976ರಲ್ಲಿ ಎರಡನೇ ಸುರಂಗ ಸೇರಿತು. 1992ರಲ್ಲಿ ಪಶ್ಚಿಮಕ್ಕೆ ಇನ್ನೊಂದು ಸೇತುವೆ–ಸುರಂಗವೂ ಬಂತು. ಇಷ್ಟಾದರೂ ಹಳೆಯ ಸುರಂಗದ ಬಾಯಿಯಲ್ಲಿ ವಾಹನಗಳು ನಿಲ್ಲುವುದು ತಪ್ಪದೆ ಹೊಸ ಸುರಂಗಗಳನ್ನು ಕೊರೆಯುವ ಕೆಲಸಕ್ಕೆ ಕೈ ಹಾಕಬೇಕಾಯಿತು. ಅಲ್ಲಿಗೆ ವರ್ಗವಾಗಿ ಬರುವ ನಾವಿಕರ ಕುಟುಂಬಗಳು ಮನೆ ಹುಡುಕುವಾಗ ಮೊದಲು ಕೇಳಬೇಕಾದ್ದು, ಮನೆ ನೀರಿನ ಯಾವ ಕಡೆ ಎಂದು. ಅಲ್ಲಿನ ಸೇನೆ ಕೊಡುವ ಮನೆ ಭತ್ಯೆ ಕೆಲಸದ ಜಾಗದ ಪಿನ್‌ಕೋಡ್, ಹುದ್ದೆ ಮತ್ತು ಅವಲಂಬಿತರನ್ನು ನೋಡಿ ನಿಗದಿಯಾಗುತ್ತದೆ. ಮನೆ ಎಲ್ಲಿದೆ ಎಂಬುದನ್ನು ನೋಡುವುದಿಲ್ಲ. ದೂರದ ಅಗ್ಗದ ಮನೆ ಹಿಡಿದವರಿಗೆ ಭತ್ಯೆಯಲ್ಲಿ ಒಂದಷ್ಟು ಉಳಿಯುತ್ತದೆ, ಉಳಿದದ್ದು ಸುರಂಗದ ಮುಂದಿನ ಸಾಲಿನಲ್ಲಿ ಬೇರೆ ರೂಪದಲ್ಲಿ ಖರ್ಚಾಗುತ್ತದೆ.

ಸಮಯವನ್ನು ಅಳೆಯುವುದು ಕಷ್ಟದ ಕೆಲಸವಲ್ಲ, ಆದರೆ ಅಳೆಯುವ ಹೊತ್ತು ಸರಿ ಇರಬೇಕು. ಬಿಲ್ಡರ್ ಕಳಿಸುವ ಕಾರು ಬರುವುದು ಭಾನುವಾರ ಬೆಳಗ್ಗೆ. ಶಾಲೆ ಇಲ್ಲ, ಆಫೀಸ್ ಇಲ್ಲ, ಗೇಟಿನಲ್ಲಿ ಸಾಲಿಲ್ಲ. ಟಾಮ್‌ಟಾಮ್ ಸಂಸ್ಥೆಯ ಲೆಕ್ಕದ ಪ್ರಕಾರ 2022ರಲ್ಲಿ ಬೆಂಗಳೂರಿನ ಮಧ್ಯಭಾಗದಲ್ಲಿ 10 ಕಿ.ಮೀ. ಸಾಗಲು ಸರಾಸರಿ 29 ನಿಮಿಷ ಹಿಡಿಯುತ್ತಿತ್ತು; ಭಾನುವಾರದ ಕಾರಿನಲ್ಲಿ ಅದು ಯಾರ ಅನುಭವಕ್ಕೂ ಬರುವುದಿಲ್ಲ. ಸೋಮವಾರ ಬೆಳಗ್ಗೆ ತಾವು ಹೊರಡಲಿರುವ ಹೊತ್ತಿಗೇ ಹೋಗಿ ನೋಡಬೇಕು, ಸಂಜೆ ವಾಪಸು ಬರಬೇಕು, ಸಾಧ್ಯವಾದರೆ ಮಳೆ ಬಂದ ದಿನ ಇನ್ನೊಮ್ಮೆ. ಗೂಗಲ್ ಮ್ಯಾಪ್‌ನಲ್ಲಿ ಹೊರಡುವ ದಿನ, ಗಂಟೆ ಹಾಕಿದರೆ ಕಡಿಮೆ ಎಂದರೆ ಇಷ್ಟು, ಹೆಚ್ಚೆಂದರೆ ಇಷ್ಟು ಎಂದು ಎರಡು ಅಂಕಿ ತೋರಿಸುತ್ತದೆ. ಜನ ಚಿಕ್ಕ ಅಂಕಿಯನ್ನು ನೆನಪಿಟ್ಟುಕೊಳ್ಳುತ್ತಾರೆ. ಹಾಜರಿಯಲ್ಲಿ ಶಿಸ್ತಿರುವ ಕಡೆ ಕೆಲಸ ಮಾಡುವವರು ದೊಡ್ಡ ಅಂಕಿಯನ್ನೇ ಇಟ್ಟುಕೊಂಡು ಹೊರಡಬೇಕಾಗುತ್ತದೆ. 40 ನಿಮಿಷಕ್ಕೂ 75 ನಿಮಿಷಕ್ಕೂ ನಡುವೆ ಓಲಾಡುವ ದಾರಿಗಿಂತ ದಿನಾ 50 ನಿಮಿಷ ಹಿಡಿಯುವ ದಾರಿ ವಾಸಿ.

ಮನೆಯಲ್ಲಿ ಕೆಲಸಕ್ಕೆ ಹೋಗುವವರು ಇಬ್ಬರಿದ್ದರೆ ಇಬ್ಬರ ದಾರಿಯನ್ನೂ ನೋಡಬೇಕು ಎಂಬುದು ಹೇಳಬೇಕಾದ ಮಾತೇ ಅಲ್ಲ, ಆದರೂ ಹೇಳಬೇಕಾಗಿದೆ. ಎಷ್ಟೋ ಮನೆಗಳಲ್ಲಿ ಯಜಮಾನನ ಗೇಟಿನ ದೂರ ಮಾತ್ರ ಲೆಕ್ಕಕ್ಕೆ ಬಂದು ಹೆಂಡತಿ ಎರಡು ಬಸ್ಸು ಬದಲಿಸುವುದು ಉಳಿದುಬಿಡುತ್ತದೆ. ಮಹಿಳೆಯರಿಗೆ ಬಸ್ ಪ್ರಯಾಣ ಉಚಿತ ಮಾಡಿದ ಶಕ್ತಿ ಯೋಜನೆ ಬಂದ 2023ರ ಜೂನ್‌ನಿಂದ ಟಿಕೆಟ್ ಹಣ ಉಳಿದಿದೆ, ಬಸ್ಸಿಗೆ ಕಾಯುವ ಹೊತ್ತು ಉಳಿದಿಲ್ಲ. ನೆಲೆಯ ಉದ್ದನೆಯ ಗೋಡೆಯ ಪಕ್ಕದ ರಸ್ತೆಗಳಲ್ಲಿ ಒಂದೇ ಮಗ್ಗುಲಿಗೆ ಮನೆಗಳಿರುವುದರಿಂದ ಹತ್ತಿ ಇಳಿಯುವ ಜನ ಕಡಿಮೆ. ಅಂಥ ದಾರಿಯಲ್ಲಿ ರಾತ್ರಿ 8ರ ಮೇಲೆ ಬಸ್ಸು ಎಷ್ಟಿವೆ, ನಿಲ್ದಾಣದಿಂದ ಮನೆವರೆಗೆ ಬೀದಿದೀಪ ಇದೆಯೇ ಎಂಬುದನ್ನು ಒಂದು ಸಂಜೆ ನಡೆದೇ ನೋಡಬೇಕು.

ಹಣದ ಲೆಕ್ಕವನ್ನೂ ಮಾಡಿಬಿಡಬಹುದು. ದೂರದ ಮನೆ 10 ಲಕ್ಷ ರೂಪಾಯಿ ಅಗ್ಗ ಎಂದಿಟ್ಟುಕೊಂಡರೆ, ಶೇ 8.5ರ ಬಡ್ಡಿಯಲ್ಲಿ 20 ವರ್ಷದ ಸಾಲಕ್ಕೆ ತಿಂಗಳ ಕಂತಿನಲ್ಲಿ ಸುಮಾರು 8,700 ರೂಪಾಯಿ ಉಳಿಯುತ್ತದೆ. ಅದಕ್ಕಾಗಿ ದಿನಕ್ಕೆ 20 ಕಿ.ಮೀ. ಮತ್ತು ಒಂದು ಗಂಟೆ ಹೆಚ್ಚು ಓಡಬೇಕಾದರೆ, 22 ದಿನಕ್ಕೆ 440 ಕಿ.ಮೀ.; ಲೀಟರಿಗೆ 15 ಕಿ.ಮೀ. ಕೊಡುವ ಕಾರಿಗೆ ಪೆಟ್ರೋಲ್ ಖರ್ಚೇ 3,000 ರೂಪಾಯಿ. ಕೈಯಲ್ಲಿ ಉಳಿಯುವುದು 5,700. ಅಂದರೆ ಸ್ಟಿಯರಿಂಗ್ ಹಿಂದೆ ಕಳೆದ ಪ್ರತಿ ಗಂಟೆಗೆ ಸುಮಾರು 260 ರೂಪಾಯಿ ಸಂಬಳ. ಇಬ್ಬರೂ ಬೇರೆ ಬೇರೆ ಕಾರಿನಲ್ಲಿ ಅಷ್ಟೇ ಓಡಿದರೆ ಇಬ್ಬರ ಪೆಟ್ರೋಲ್ ಕಳೆದು ಗಂಟೆಗೆ 60 ರೂಪಾಯಿ. ಬೈಕಿನಲ್ಲಿ ಓಡಾಡುವ ಒಬ್ಬರಿಗೆ ಈ ಲೆಕ್ಕ ದೂರದ ಮನೆಯ ಪರವಾಗಿಯೇ ಬರಬಹುದು, ಬೆನ್ನು ಒಪ್ಪಿದರೆ. ಸ್ವಿಟ್ಜರ್ಲೆಂಡಿನ ಅರ್ಥಶಾಸ್ತ್ರಜ್ಞರಾದ ಅಲೋಯಿಸ್ ಸ್ಟುಟ್ಜರ್ ಮತ್ತು ಬ್ರೂನೋ ಫ್ರೈ ಜರ್ಮನಿಯ ಕುಟುಂಬಗಳ ಸಮೀಕ್ಷೆಯನ್ನು ಆಧರಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನ, ದೂರ ಓಡಾಡುವವರು ತಮ್ಮ ಬದುಕಿನ ಬಗ್ಗೆ ಕಡಿಮೆ ತೃಪ್ತಿ ಹೇಳಿಕೊಳ್ಳುತ್ತಾರೆ, ಅಗ್ಗದ ಮನೆಯಾಗಲಿ ಹೆಚ್ಚಿನ ಸಂಬಳವಾಗಲಿ ಅದನ್ನು ತುಂಬಿಕೊಡುವುದಿಲ್ಲ ಎಂದಿತು.

ಕೊನೆಯದಾಗಿ ಮೆಟ್ರೋ. ಓಡುತ್ತಿರುವ ರೈಲನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ವಿಮಾನ ನಿಲ್ದಾಣದ ಮಾರ್ಗ ಮೊದಲು ನಾಗವಾರ, ಆರ್.ಕೆ. ಹೆಗಡೆ ನಗರದ ಮೇಲೆ ಹೋಗಬೇಕಿತ್ತು. ಪೆಟ್ರೋಲಿಯಂ ಪೈಪ್‌ಲೈನ್ ಅಡ್ಡ ಬಂದದ್ದರಿಂದ ಹೆಬ್ಬಾಳ, ಬಳ್ಳಾರಿ ರಸ್ತೆಗೆ ಹೊರಳಿತು. ಹಳೆಯ ನಕಾಶೆ ನಂಬಿ ಕೊಂಡವರ ಮನೆ ಅಲ್ಲೇ ಉಳಿಯಿತು. ಬರಲಿರುವ ಮಾರ್ಗದಲ್ಲಿ ಯಲಹಂಕದ ಹೆಸರಿನ ನಿಲ್ದಾಣವಿದೆ, ಆದರೆ ಅದು ಬಳ್ಳಾರಿ ರಸ್ತೆಯ ಮೇಲೆ. ವಾಯುನೆಲೆಯ ಆಚೆ ಬದಿಯ ದೊಡ್ಡಬಳ್ಳಾಪುರ ರಸ್ತೆಯವರು ಅಲ್ಲಿಗೆ ತಲುಪುವ ಬಗೆಯನ್ನು ಬೇರೆಯೇ ಯೋಚಿಸಬೇಕು. ಹೆಸರಿನ ಇಂಥ ಗೊಂದಲ ಜಾಲಹಳ್ಳಿಯಲ್ಲಿ ಈಗಾಗಲೇ ಇದೆ. 2015ರ ಮೇ 1ರಂದು ತೆರೆದ ಹಸಿರು ಮಾರ್ಗದ ಜಾಲಹಳ್ಳಿ ನಿಲ್ದಾಣ ಇರುವುದು ತುಮಕೂರು ರಸ್ತೆಯ ಜಾಲಹಳ್ಳಿ ಕ್ರಾಸ್‌ನಲ್ಲಿ. ಜಾಲಹಳ್ಳಿ ಪೂರ್ವದ ಏರ್‌ಫೋರ್ಸ್ ಸ್ಟೇಷನ್ ಪಕ್ಕದ ಮನೆಯಿಂದ ಅಲ್ಲಿಗೆ ನಡೆದು ಹೋಗಲಾಗದು. ಬಸ್ಸೋ ಆಟೋವೋ ಹಿಡಿಯಬೇಕು, ಗಂಗಮ್ಮ ಸರ್ಕಲ್ ದಾಟಬೇಕು.